ಏಳನೆಯ ಕಲ್ಲು

ಊರ ಹೆಸರು ಚಿಂತಾಮಣಿ.
ಬೇಡಿದ್ದನ್ನೆಲ್ಲ ಕೊಡುವ ಆ ಮಣಿ
ದುಂಡಗಿತ್ತೋ ಚೌಕವಿತ್ತೋ, ನನಗೆ ಯಾರೂ ಹೇಳಿಲ್ಲ.
ಜೋಡಿ ರಸ್ತೆಯ ಪಕ್ಕದ ಸಂದಿಯಲ್ಲಿ
ಎಂಟಡಿ ಅಂಗಡಿ, ಅಪ್ಪನ ಮಣೆ, ಅಪ್ಪನ ಚಿಮಟ.
ಬೋರ್ಡಿನ ಮೇಲೆ ಇನ್ನೂ
‘ವೀರಬ್ರಹ್ಮಾಚಾರಿ ಅಂಡ್ ಸನ್’.
ಸನ್ ಹುಟ್ಟಲೇ ಇಲ್ಲ.
ಕಲ್ಲು ಕೂರಿಸುವವಳು ನಾನು.

ಸೂರತ್ತಿನಿಂದ ಕಾಗದದ ಪೊಟ್ಟಣಗಳಲ್ಲಿ ಬರುತ್ತವೆ.
ದುಂಡನೆಯವು, ಯಾವ ಕಡೆಯಿಂದ ಕೂಗಿದರೂ ಓಗೊಡುವವು.
ದೋಣಿಯಂಥವು, ಬೆರಳು ಉದ್ದ ಕಾಣಬೇಕೆಂದವರಿಗೆ.
ಹನಿಯ ಮೊನೆಗೆ ಚಿನ್ನ ಒತ್ತುವಾಗ ಉಸಿರು ಬಿಡಬಾರದು;
ಒಮ್ಮೆ ಬಿಟ್ಟಿದ್ದೆ, ಮೂರು ತಿಂಗಳ ಕೂಲಿ ಹೋಯಿತು.
ಮೆಟ್ಟಿಲು ಕಟ್ಟಿನದು ನನಗಿಷ್ಟ:
ಮಿಂಚು ಕಡಿಮೆ, ಕಲ್ಯಾಣಿಯ ದಂಡೆಯಲ್ಲಿ ನಿಂತು
ಮೆಟ್ಟಿಲು ಮೆಟ್ಟಿಲಾಗಿ ನೀರಿನತ್ತ ಇಳಿದ ಹಾಗೆ,
ಪಾಚಿಯಿದ್ದರೆ ಅಡಗಿಸಲು ಜಾಗವಿಲ್ಲ.
ಹುಣಿಸೆಬೀಜದ ಹಾಗೆ ಮೂಲೆ ಸವರಿದ ಚೌಕ,
ಶಿಡ್ಲಘಟ್ಟದ ಗೂಡಿನಂಥ ಉದ್ದುರುಟು.
ಹೃದಯದ ಆಕಾರದವು ಫೆಬ್ರವರಿಯಲ್ಲಿ ಖರ್ಚಾಗುತ್ತವೆ,
ಜೂನಿನಲ್ಲಿ ಕೆಲವು ವಾಪಸ್ಸು ಬರುತ್ತವೆ.

ಸೋಮವಾರ, ಟೊಮೆಟೊ ಮಂಡಿ ಚದುರಿದ ಹೊತ್ತಿಗೆ
ಕ್ರೇಟು ಬಾಡಿಗೆಗೆ ಕೊಡುವ ಗಂಗುಲಮ್ಮ
ಸೆರಗಿಗಂಟಿದ ಕೆಂಪು ಸಿಪ್ಪೆಯ ಸಮೇತ ಬಂದಳು.
ಬೇಸರಿ ಬಿಚ್ಚಿ ನನ್ನ ಅಂಗೈಗೆ ಹಾಕಿದಳು.
ತಿರುಪು ಇನ್ನೂ ಬೆಚ್ಚಗಿತ್ತು.

ನಡುವೆ ಒಂದು, ಸುತ್ತ ಆರು. ಅಪ್ಪನ ಕೈ.
ಹಳೇ ಕಮಲದ ಕಟ್ಟು; ಭೂತಗನ್ನಡಿಯಲ್ಲಿ ಇಣುಕಿದರೆ
ಕಲ್ಲಿನ ತಳದಲ್ಲೊಂದು ಪುಟ್ಟ ಕಿಟಕಿ.
ಒಂದರ ಸೊಂಟ ದಪ್ಪ, ಇನ್ನೊಂದು ಸ್ವಲ್ಪ ವಾರೆ,
ಸಾಣೆ ಹಿಡಿದವನಿಗೆ ಆವತ್ತು ತಲೆನೋವಿತ್ತೋ ಏನೋ.
ಆರಕ್ಕೂ ಕಿಟಕಿ ಇತ್ತು.
ನಡುವಿನದಕ್ಕೆ ಇರಲಿಲ್ಲ.
ಹನಿಯಾಕಾರ; ಅಂಚು ಸವೆದು ಮಂಕಾಗಿತ್ತು.
ವಜ್ರ ಮೂಗಿನ ಮೇಲೆ ಸವೆಯುವುದಿಲ್ಲ.

ಅರಗು ಕಾಯಿಸಿ ಎಬ್ಬಿಸಿದೆ.
ಕೆಳಗೆ ಬೇಗಡೆ, ಬೇಗಡೆಯ ಮೇಲೆ ಗಾಜು.
ದೀಪ ಹಚ್ಚದೆ ತಕ್ಕಡಿ ಮುಟ್ಟದ ನನ್ನಪ್ಪ,
ನೆಲಕ್ಕುದುರಿದ ಚಿನ್ನದ ಪುಡಿಯನ್ನೂ
ಗುಡಿಸಿ ಗಿರಾಕಿಗೆ ಕೊಡುತ್ತಿದ್ದ ನನ್ನಪ್ಪ.
‘ಸೋಪು ಕೂತಿದೆ ಅಮ್ಮಾ, ತೊಳೆದು ಕೊಡ್ತೀನಿ’
ಅನ್ನಲು ಬಾಯಿ ತೆರೆದೆ.

‘ಗಾಜು ಸಿಕ್ತಾ?’ ಅಂದಳು ಗಂಗುಲಮ್ಮ.

‘ಆರು ಕಲ್ಲಿಗೇ ನಮ್ಮಪ್ಪನ ಗಂಟು ಖಾಲಿ.
ಗಂಡಿನ ಕಡೆಯೋರು ಏಳು ಅಂತ ಕೂತಿದ್ರು.
ನಿಮ್ಮಪ್ಪ ಅಂದ: ಗಾಜು ಕೂರಿಸ್ತೀನಿ,
ಆಕಾರ ಮಾತ್ರ ಬೇರೆ ಇಡ್ತೀನಿ.
ಒಂದೇ ಥರ ಇಟ್ರೆ, ವಯಸ್ಸಾದ ಮೇಲೆ
ನಾನೇ ಮರೆತು ವಜ್ರ ಅಂದುಬಿಟ್ಟೇನು.
ದುಡ್ಡಾದಾಗ ಬಾ ತಾಯಿ.
ನಮ್ಮತ್ತೆ ಅದನ್ನ ಡಿಸೈನು ಅಂದ್ಕೊಂಡು
ತನ್ನ ಮಗಳಿಗೂ ಅಂಥದ್ದೇ ಮಾಡಿಸಿದಳು, ನಿಜವಾದ ವಜ್ರದಲ್ಲಿ.’
ನಕ್ಕಳು, ಮೂಗಿನ ಬರಿದಾದ ತೂತಿಗೆ ಬೆರಳಿಟ್ಟು.
‘ನಲವತ್ತಮೂರು ವರ್ಷ ಆಯ್ತು. ಈಗ ಆಗಿದೆ.’

ಪೊಟ್ಟಣಗಳನ್ನು ಬಿಚ್ಚಿಟ್ಟೆ.
ದುಂಡನೆಯದು ಹೊಂದುತ್ತೆ ಅಂದೆ; ತಲೆಯಾಡಿಸಿದಳು.
‘ಬೇಡ. ಅದು ಇದ್ದ ಹಾಗೇ ಇರಲಿ.’
ಹನಿಯೊಂದನ್ನು ಹುಡುಕಿ, ತೂಗಿ,
ಬೆಲೆ ಹೇಳಿದೆ. ಚೌಕಾಸಿ ಮಾಡಿದಳು, ಧಾರಾಳವಾಗಿ.
ಅಪ್ಪ ಕೊರೆದ ಗುಂಡಿಯಲ್ಲಿ ಕೂರಿಸಿ
ಮೊನೆಗೆ ಚಿನ್ನ ಒತ್ತಿದೆ.
ಹೊರಗೆ ಆಟೋ ಹಾರನ್ ಹೊಡೆಯಿತು.
ಉಸಿರು ಬಿಡಲಿಲ್ಲ.

ಕನ್ನಡಿಯಲ್ಲಿ ಅತ್ತ ಇತ್ತ ತಿರುಗಿದಳು.
‘ಭಾರ ಅನ್ಸುತ್ತೆ.’
‘ಎಳ್ಳಿನಷ್ಟೂ ಇಲ್ಲ ಅಮ್ಮಾ.’
‘ಅನ್ಸುತ್ತೆ ಅಂದೆ ಅಷ್ಟೆ.’
ಗಾಜನ್ನು ನನ್ನ ಕಡೆ ತಳ್ಳಿ, ‘ನಿಮ್ಮಪ್ಪಂದು’ ಅಂದು
ಕ್ರೇಟು ಎಣಿಸಲು ಹೊರಟೇಬಿಟ್ಟಳು.

ಪೊಟ್ಟಣದ ಮೇಲೆ ಆಕಾರ, ತೂಕ, ಬಣ್ಣ ಬರೆಯುವುದು ರೂಢಿ.
ಹನಿ, ಎಂದು ಬರೆದೆ.
ಆಮೇಲೆ ಪೆನ್ನು ಹಿಡಿದು ತುಂಬ ಹೊತ್ತು ಕೂತಿದ್ದೆ,
ಇನ್ನೊಬ್ಬ ಗಿರಾಕಿ ಬರುವವರೆಗೂ.